ಸುಬೇದಾರರ ಎರಡು ಗಂಟೆ ಹತ್ತು ನಿಮಿಷ

ಸುಬೇದಾರ್ ಬಸಲಿಂಗಪ್ಪನವರ ಎದುರು ಯುದ್ಧ ಬೇಕು ಎನ್ನುವವರು ಎದ್ದು ನಿಲ್ಲಬೇಕಿತ್ತು. ಮಾತುಕತೆ ಸಾಕು ಎನ್ನುವವರು ಕೂತೇ ಮಾತಾಡಬಹುದಿತ್ತು. ನಮ್ಮ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಉದ್ದ ಮೇಜಿಗೆ ಅವರೇ ಮಾಡಿದ ಕಾನೂನು ಇದು. "ಕುಂತು ಯುದ್ಧಾ ಮಾಡಬ್ಯಾಡ್ರಿ. ಗಡಿಯೊಳಗ ಹುಡುಗ್ರು ನಿಂತಾರ. ನೀವೂ ಒಂದ್ ಹತ್ತು ಮಿನಿಟ ನಿಂದರ್ರಿ" ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ನಾನು ಬಹುಪಾಲು ಊಟಗಳನ್ನು ಡಬ್ಬಿ ಕೈಯಲ್ಲಿ ಹಿಡಿದು ನಿಂತೇ ಮಾಡಿದ್ದೇನೆ.

ಎರಡು ಸಾವಿರದ ಎರಡನೇ ಇಸವಿ, ಗಡಿಯ ಎರಡೂ ಕಡೆ ಸೈನ್ಯಗಳು ಎದುರುಬದುರು ನಿಂತಿದ್ದ ಕಾಲ ಅದು. ಪಾಕಿಸ್ತಾನದವರ ಬಳಿ ಅಣುಬಾಂಬ್ ಇದೆ, ಇನ್ನಷ್ಟು ಮಾಡುತ್ತಿದ್ದಾರೆ ಎಂದು ಪತ್ರಿಕೆಗಳು ದಿನಕ್ಕೊಂದು ನಕ್ಷೆ ಹಾಕುತ್ತಿದ್ದವು. ಹೈದರಾಬಾದಿನ ಮಾದಾಪುರದಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲವೂ ಅದೇ. ಪಕ್ಕದ ನಿವೇಶನದಲ್ಲಿ ಮದ್ದು ಸಿಡಿದಾಗಲೆಲ್ಲ ನಮ್ಮ ಕಂಪ್ಯೂಟರ್ ಪರದೆಗಳು ನಡುಗುತ್ತಿದ್ದವು, ಜೊತೆಗೆ ನಾವೂ. ಮೈಸೂರಿನಿಂದ ಅಮ್ಮ ಫೋನ್ ಮಾಡಿ, "ರಾಜೀನಾಮೆ ಕೊಟ್ಟು ಬಂದ್ಬಿಡೋ, ಹೈದರಾಬಾದಿಗೇ ಮೊದಲು ಹಾಕ್ತಾರಂತೆ" ಎನ್ನುತ್ತಿದ್ದಳು. ಯಾರು ಹೇಳಿದರು ಎಂದರೆ ಹಾಲಿನವನ ಹೆಸರು ಹೇಳುತ್ತಿದ್ದಳು. ನಗು ಬರುತ್ತಿತ್ತು, ಆದರೆ ಫೋನಿಟ್ಟ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಬಸಲಿಂಗಪ್ಪನವರು ಬಿಜಾಪುರ ಜಿಲ್ಲೆಯ ಸಿಂದಗಿ ಕಡೆಯವರು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ನಿವೃತ್ತರಾಗಿ ನಮ್ಮಲ್ಲಿ ಭದ್ರತಾ ಅಧಿಕಾರಿಯಾಗಿದ್ದರು. ಕುಳ್ಳಗಿನ ದೇಹ, ಬೂದು ಬಣ್ಣದ ಸಫಾರಿ, ಮುಖ ನೋಡಿಕೊಳ್ಳಬಹುದಾದಂಥ ಬೂಟು. ಒಂದು ಕಡೆ ಕೂತವರೇ ಅಲ್ಲ. ಕ್ಯಾಂಟೀನಿನಲ್ಲಿ ನಮ್ಮನ್ನು ವಾದಕ್ಕೆ ಹಚ್ಚಿ ತಾವು ಮೇಜಿನ ಸುತ್ತ ತಿರುಗುತ್ತಿದ್ದರು, ರೊಟ್ಟಿಯನ್ನು ಮಡಚಿ ಕೈಯಲ್ಲೇ ಹಿಡಿದು ತಿನ್ನುತ್ತಿದ್ದರು. ಹಿಂದಿ, ತೆಲುಗು ಎರಡೂ ಬರುತ್ತಿದ್ದವು. ಕನ್ನಡದವರು ಸಿಕ್ಕರೆ ಮಾತ್ರ ದನಿ ಒಂದು ಮೆಟ್ಟಿಲು ಏರುತ್ತಿತ್ತು. ನನ್ನ ಹೆಸರು ಅವರಿಗೆ ಎಂದೂ ಬೇಕಾಗಲಿಲ್ಲ, "ಏ ಮೈಸೂರ್" ಎಂದೇ ಕರೆಯುತ್ತಿದ್ದರು.

"ಅವರ ಬಾಂಬ್ ಇಟ್ಟಿರೋ ಜಾಗಗಳನ್ನೆಲ್ಲ ಒಂದೇ ದಿನ ಹೊಡೆದು ಮುಗಿಸಬೇಕು ಸರ್" ಎಂದು ನಾನು ನಿಂತುಕೊಂಡೇ ಹೇಳಿದ್ದೆ.

"ಹೊಡದಿ. ಆಮ್ಯಾಲ?"

"ಆಮೇಲೇನು, ಅವರ ಹತ್ರ ಏನೂ ಉಳಿಯಲ್ಲ."

"ಹತ್ತ ಜಾಗಾದಾಗ ಒಂಬತ್ತು ಹೊಡದಿ ಅನ್ಕೋ. ಒಂದು ಉಳೀತು. ಆಮ್ಯಾಲ?"

ಕೂತವರಿಗೂ ಸುಖವಿರಲಿಲ್ಲ. ಮಂಗಳೂರಿನ ದಿನೇಶ, ಅಮೆರಿಕದವರ ಮೂಲಕ ಒತ್ತಡ ಹಾಕಿಸಿ ಒಪ್ಪಂದ ಮಾಡಿಕೊಳ್ಳಬೇಕು ಎಂದರೆ ಅವನಿಗೂ ಅದೇ ಪ್ರಶ್ನೆ. "ಸಹಿ ಮಾಡಿದ್ರು. ಒಳಗ ಏನ್ ಮಾಡಾಕತ್ತಾರ ಅಂತ ಯಾರು ನೋಡಾವ್ರು? ಆಮ್ಯಾಲ?" ಹೀಗೆ ಇಬ್ಬರನ್ನೂ ಸುಸ್ತು ಮಾಡಿ ಕೈ ತೊಳೆಯಲು ಹೋಗುತ್ತಿದ್ದರು. ನಿಮ್ಮ ಅಭಿಪ್ರಾಯವೇನು ಎಂದು ಒಮ್ಮೆ ಹಟ ಹಿಡಿದಾಗ ಮಾತ್ರ ನಿಂತು ಹೇಳಿದರು: "ಅವರ ಹತ್ರ ಐತಿ, ನಮ್ಮ ಹತ್ರನೂ ಐತಿ. ಈಗ ಬೇಕಾಗಿರೂದು ಖರೇ ರಿಪೋರ್ಟ್ ಕೊಡಾವ. ಅಲ್ಲೊಬ್ಬ, ಇಲ್ಲೊಬ್ಬ. ಮ್ಯಾಲಿನವರಿಗೆ ಖುಷಿ ಆಗ್ಲಿ ಅಂತ ಒಂದ್ ಸುಳ್ಳು ಹೇಳಿದ್ರ ಸಾಕು, ಎರಡೂ ಕಡೆ ಮಂದಿ ಸುಟ್ಟು ಹೋಗ್ತಾರ." ಇಷ್ಟೆಲ್ಲ ಕೇಳಿ ನನಗೆ ನಿರಾಸೆಯಾಯಿತು. ಸೈನ್ಯದವರೆಂದರೆ ಇನ್ನೂ ಖಡಕ್ಕಾಗಿ ಏನಾದರೂ ಹೇಳುತ್ತಾರೆಂದು ಕಾದಿದ್ದೆ.

ಅದೇ ವಾರ ಅಮೆರಿಕದ ನಮ್ಮ ದೊಡ್ಡ ಗ್ರಾಹಕ ಕಂಪನಿಯಿಂದ ಒಂದು ಪ್ರಶ್ನಾವಳಿ ಬಂತು. ನಿಮ್ಮ ದೇಶದಲ್ಲಿ ಯುದ್ಧವಾದರೆ, ಅದರಲ್ಲೂ ಅಣುಯುದ್ಧವಾದರೆ, ನಮ್ಮ ಕೆಲಸ ನಿಲ್ಲದಂತೆ ಏನು ಮಾಡುತ್ತೀರಿ? ಸಿಬ್ಬಂದಿಯನ್ನು ಎಷ್ಟು ಹೊತ್ತಿನಲ್ಲಿ ಬೇರೆ ಜಾಗಕ್ಕೆ ಸಾಗಿಸುತ್ತೀರಿ? ಉತ್ತರ ಒಪ್ಪಿಗೆಯಾಗದಿದ್ದರೆ ಕೆಲಸ ಬೇರೆ ದೇಶಕ್ಕೆ ಹೋಗುವುದು ಖಚಿತವಾಗಿತ್ತು. ಆ ಕೆಲಸ ನಂಬಿ ನಾವು ನಲವತ್ತಮೂರು ಜನ ಇದ್ದೆವು. ನಮ್ಮ ಮ್ಯಾನೇಜರ್ ಪ್ರಸಾದ್, ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಅದನ್ನೇ ಬದಲಿ ಕಚೇರಿ ಎಂದರು. ಸಾಗಿಸುವ ಸಮಯವನ್ನು ಅಳೆದು ಸಹಿ ಹಾಕುವ ಹೊಣೆ ಸುಬೇದಾರರದು. ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದು.

"ಬಾಂಬ್ ಮಾದಾಪುರಕ್ಕ ಬಿದ್ರ ಉಪ್ಪಲ್ ಉಳೀತೈತೇನ್ರಿ?" ಎಂದು ಅವರು ಒಮ್ಮೆ ಕೇಳಿದರು. ಪ್ರಸಾದ್ ಪ್ರಶ್ನಾವಳಿಯನ್ನು ಅವರ ಮುಂದೆ ತಳ್ಳಿದರು. ಆದರೆ ಕೆಲಸ ಒಪ್ಪಿಕೊಂಡ ಮೇಲೆ ಸುಬೇದಾರರು ಅದನ್ನು ಆಟವೆಂದು ತಿಳಿಯಲಿಲ್ಲ. ಒಂದು ಮಧ್ಯಾಹ್ನ ಶಿಳ್ಳೆ ಊದಿ ನಲವತ್ತಮೂರು ಜನರನ್ನೂ ಬಸ್ಸಿಗೆ ಹತ್ತಿಸಿಯೇಬಿಟ್ಟರು. ಅಮೀರ್‌ಪೇಟೆಯಲ್ಲಿ ಬಸ್ಸು ಅಲುಗಾಡದೆ ನಿಂತಿತು. ಅಲ್ಲೇ ಮನೆಯಿದ್ದ ಐವರು, ಇಷ್ಟು ಹತ್ತಿರ ಬಂದಿದ್ದೇವಲ್ಲ ಎಂದು ಇಳಿದು ಹೋದರು. ಸಿಕಂದರಾಬಾದಿನಲ್ಲಿ ಇನ್ನೂ ಏಳು ಜನ ಇರಾನಿ ಚಹಾಕ್ಕೆ ಇಳಿದು, ಬಸ್ಸು ಹೊರಟಿದ್ದು ತಿಳಿಯದೆ ಎರಡನೇ ಕಪ್ ತರಿಸಿಕೊಂಡಿದ್ದರು. ಉಪ್ಪಲ್ ತಲುಪಿದರೆ ಮಹಡಿಗೆ ಬೀಗ, ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದ. ಸುಬೇದಾರರು ಗಡಿಯಾರ ನೋಡಿ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು: ಎರಡು ಗಂಟೆ ಹತ್ತು ನಿಮಿಷ, ಸತ್ತವರು ಹನ್ನೆರಡು. ಮರುದಿನ ಆ ಹನ್ನೆರಡು ಮಂದಿ ಒಬ್ಬೊಬ್ಬರಾಗಿ ಬಾಗಿಲಲ್ಲಿ ಬರುವಾಗ, "ಏನ್ರಿ, ನಿನ್ನೆ ತೀರಿಕೊಂಡಿದ್ರಿ, ಇವತ್ತ ಡ್ಯೂಟಿಗೆ ಬಂದ್ರೇನು?" ಎಂದು ಸೆಲ್ಯೂಟ್ ಹೊಡೆದರು.

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಪ್ರಸಾದ್ ನಗಲಿಲ್ಲ. ನನ್ನನ್ನು ಕರೆದು ಬಾಗಿಲು ಹಾಕಿದರು. "ಎರಡು ಗಂಟೆ ಅಂತ ಕಳಿಸಿದರೆ ನಾಳೆಯೇ ಪ್ರಾಜೆಕ್ಟ್ ಹೋಗುತ್ತೆ. ನಲವತ್ತೈದು ನಿಮಿಷ, ಎಲ್ಲರೂ ತಲುಪಿದರು ಅಂತ ಬರಿ. ಸುಬೇದಾರರು ಹಾಗೆ ಬರೆಯೋಕೆ ಒಪ್ಪಲ್ಲ. ನೀನು ನೋಡ್ಕೋ" ಎಂದು ಹಿಂದಿಯಲ್ಲಿ, ದನಿ ತಗ್ಗಿಸಿ ಹೇಳಿದರು. ನಾನು ಬೇಡ ಎನ್ನಲಿಲ್ಲ. ಬಾಂಬ್ ಬಿದ್ದ ದಿನ ಗಡಿಯಾರ ನೋಡುವವರು ಯಾರಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲಸ ಹೋಗುವ ಭಯ ಬಾಂಬಿನ ಭಯಕ್ಕಿಂತ ಹತ್ತಿರದಲ್ಲಿತ್ತು.

ಸುಬೇದಾರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ, ಓದು ನಿಧಾನ. ಹಾಗಾಗಿ ಯಾವ ಕಾಗದವಿದ್ದರೂ ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ಅಲುಗಾಡದೆ ಕೂರುತ್ತಿದ್ದುದು ಆಗ ಮಾತ್ರ. ಅಂದೂ ಹಾಗೇ ಕೂತರು. ನಲವತ್ತೈದು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾನು "ಎರಡು ಗಂಟೆ ಹತ್ತು ನಿಮಿಷ" ಎಂದೆ.

"ಆ ಹನ್ನೆರಡು ಮಂದೀದೂ ಬರದೀ?"

"ಬರ್ದಿದೀನಿ ಸರ್."

"ಬೀಗದ್ದು?"

"ಅದೂ ಇದೆ."

ಕಣ್ಣು ತೆರೆದು ಸಹಿ ಹಾಕಿದರು. "ನಮ್ಮ ಕಡೆಯಿಂದ ಖರೇ ಹೋತು. ಏನಾಗ್ತೈತಿ ಆಗ್ಲಿ" ಎಂದು ನನ್ನ ಬೆನ್ನು ತಟ್ಟಿದರು. ಆ ಕೈ ಬಿದ್ದ ಜಾಗ ಇಡೀ ದಿನ ಚುರುಗುಟ್ಟಿತು.

ಯುದ್ಧ ಆಗಲಿಲ್ಲ. ಸೈನ್ಯಗಳು ಹಿಂದೆ ಸರಿದ ಮೇಲೆ ಗ್ರಾಹಕ ಕಂಪನಿಯ ಅಧಿಕಾರಿಯೊಬ್ಬರು ನಮ್ಮನ್ನು ನೋಡಲು ಬಂದರು, ಬೆಳ್ಳಿ ಕೂದಲಿನ ಸೌಮ್ಯ ಹೆಂಗಸು. ಸಭೆಗೆ ನಲವತ್ತಮೂರು ಜನರೂ ಸೇರಿದ್ದೆವು. ಆಕೆ ಆ ಕಾಗದ ತೆಗೆದು ಸುಬೇದಾರರತ್ತ ತಿರುಗಿ, ನಲವತ್ತೈದು ನಿಮಿಷದಲ್ಲಿ ಒಬ್ಬರೂ ತಪ್ಪದೆ ತಲುಪಿದರೆಂದು ನೀವು ಬರೆದಿದ್ದೀರಿ, ಇದು ನಿಜವೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಅಷ್ಟು ಇಂಗ್ಲಿಷ್ ಸುಬೇದಾರರಿಗೆ ಚೆನ್ನಾಗಿ ತಿಳಿಯುತ್ತಿತ್ತು. ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ. ಆಮೇಲೆ ಕೋಣೆಯ ಉದ್ದಕ್ಕೂ ಕೂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋದರು, ಬೆವರು ಒರೆಸಿಕೊಳ್ಳುತ್ತಿದ್ದ ದಿನೇಶನ ತನಕ. ಎದ್ದು ಎದೆ ಸೆಟೆಸಿ ನಿಂತು, "ಯೆಸ್ ಮೇಡಂ. ಆಲ್ ಪ್ರೆಸೆಂಟ್" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಮೇಲೆ ಅವರು ಉದ್ದ ಮೇಜಿನ ಬಳಿ ಬರಲಿಲ್ಲ. ನಾವೇ ವಾದ ಮಾಡಲು ನೋಡಿದೆವು, ರುಚಿ ಹತ್ತಲಿಲ್ಲ. ತಿಂಗಳೊಳಗೆ ರಾಜೀನಾಮೆ ಕೊಟ್ಟರು, ಹೆಂಡತಿಗೆ ಊರಿನ ಹವೆಯೇ ಒಗ್ಗುತ್ತದೆ ಎಂಬ ಕಾರಣ ಹೇಳಿ. ಹೊರಡುವ ದಿನ ಬೆಳಿಗ್ಗೆ ನಾನು ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋದೆ. ಹಸಿರು ಟ್ರಂಕಿನ ಮೇಲೆ ಹೆಂಡತಿಯನ್ನು ಕೂರಿಸಿ ಪ್ಲಾಟ್‌ಫಾರ್ಮಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು.

"ಸರ್, ನನ್ನಿಂದ ತಪ್ಪಾಯ್ತು" ಎಂದೆ.

ಅವರು ನಡೆಯುವುದನ್ನು ನಿಲ್ಲಿಸಿದರು. "ನನಗ ಒಂದ್ ಮಾತ ಹೇಳಬೇಕಿತ್ತಲೇ ಮೈಸೂರ್. ಆ ಹನ್ನೆರಡು ಮಂದೀನ ಬೈದು, ಹಾದಿ ಬದಲ್ ಮಾಡಿ, ಇನ್ನೊಮ್ಮೆ ಬಸ್ ಹತ್ತಸ್ತಿದ್ದೆ. ಮತ್ತೊಮ್ಮೆ, ಮತ್ತೊಮ್ಮೆ. ಒಂದ್ ತಾಸಿನೊಳಗ ಮುಟ್ಟಸ್ತಿದ್ದೆ ನಾ. ಖರೇನ ಮುಟ್ಟಸ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಳ್ಳು ಬೇಕಾಗಿಯೇ ಇರಲಿಲ್ಲ ಎಂಬುದನ್ನು ತಡೆದುಕೊಳ್ಳಲು ಆಗಲಿಲ್ಲ. ರೈಲು ಬಂತು, ಟ್ರಂಕಿಗೆ ಕೈ ಹಾಕಿದೆ. "ಬ್ಯಾಡ ಬಿಡು" ಎಂದು ತಾವೇ ಎತ್ತಿಕೊಂಡು ಹತ್ತಿದರು.

ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಕೆಲವು ವರ್ಷಗಳ ಮೇಲೆ, ಮಿಯಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಗಾರೆ ಕೆಲಸಕ್ಕೆ ಬಂದಿದ್ದ ಸಿಂದಗಿ ಕಡೆಯವರೊಬ್ಬರನ್ನು ಸುಬೇದಾರರ ಬಗ್ಗೆ ಕೇಳಿದಾಗ, "ಅವ್ರು ತೀರಿಕೊಂಡು ಎರಡ್ ವರ್ಷ ಆತಲ್ರೀ" ಎಂದರು. ಅವರಿಗೆ ಚಹಾ ಕೊಟ್ಟು ನಾನು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ಟಿವಿಯಲ್ಲಿ ಬೇರೆ ದೇಶಗಳ ಬಾಂಬಿನ ಚರ್ಚೆ. ಶತ್ರುವಿನ ಕೈಗೆ ಬಾಂಬ್ ಬರಲು ಇನ್ನು ಎಷ್ಟು ತಿಂಗಳು, ಮೊದಲೇ ಹೊಡೆಯಬೇಕೆ, ಕಾಯಬೇಕೆ ಎಂದು ದೊಡ್ಡವರು ಕೂಗಾಡುತ್ತಾರೆ. ಎಲ್ಲರ ಕೈಯಲ್ಲೂ ಸಹಿ ಬಿದ್ದ ಒಂದು ವರದಿ, ಅದರಲ್ಲಿ ಒಂದು ಅಂಕಿ. ಹೆಂಡತಿ ಮಕ್ಕಳು ಆಕಳಿಸುತ್ತಾ ಚಾನೆಲ್ ಬದಲಿಸು ಎನ್ನುತ್ತಾರೆ. ನನಗೆ ಮಾತ್ರ ಬೆವರು ಬಿಡುತ್ತದೆ. ಆ ಅಂಕಿಯನ್ನು ಟೈಪ್ ಮಾಡಿದವನು ಯಾರೋ, ಅವನಿಗೆ ಎಷ್ಟು ವಯಸ್ಸೋ, ಅವನೂ ನನ್ನ ಹಾಗೆ ಕೆಲಸ ಹೋಗುವ ಭಯದಲ್ಲಿದ್ದನೋ ಏನೋ.