ಒಳಗೆ ಬಿಟ್ಟ ಒಂದಿಂಚು ಬಟ್ಟೆ

ಟ್ರಂಕ್ ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಹಸಿರು ಬ್ಲೌಸೊಂದು ಕೈಗೆ ಬಂತು. ಎಡತೋಳಿನ ಹೊಲಿಗೆ ನಾಲ್ಕು ಬೆರಳಿನಷ್ಟು ನೆಟ್ಟಗೆ ಹೋಗಿ, ಆಮೇಲೆ ಹೊರಗೆ ಜಾರಿದೆ... ನಮ್ಮ ಟೈಲರಮ್ಮ ಹೊಲಿದ ಕೊನೆಯದು.

ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು, ಎಂ.ಸಿ.ಸಿ. ಬಡಾವಣೆಯ ನಮ್ಮ ಕಾರ್ ಶೆಡ್ಡಿನಲ್ಲಿ ಮಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ಯಾರ ಬ್ಲೌಸೇ ಆಗಲಿ, ಬದಿಯ ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಡುತ್ತಿದ್ದಳು.

"ಮುಂದೆ ದಪ್ಪ ಆಗ್ತೀರಿ ಅಮ್ಮಾರೆ, ಬಿಚ್ಚಾಕೆ ಇರ್ಲಿ."

"ನಾನು ಡಯಟ್ ಮಾಡ್ತಿದೀನಿ ಕಣೇ."

"ಹೌದ್ರಿ, ನಿನ್ನೆ ಮಿರ್ಚಿ ಬಜ್ಜಿ ಎಷ್ಟು ತಿಂದ್ರಿ?"

ಆಮೇಲೆ ಹೊಲಿಗೆ ಸೊಟ್ಟಗಾಗತೊಡಗಿತು. ಬೆಳಗ್ಗೆ ಅವಳಿಗೆ ತಲೆನೋವು, ವಾಂತಿ. ಗೋಡೆ ಹಿಡಿದು ನಡೆಯುತ್ತಿದ್ದಳು. ಕಾನ್ವೆಂಟಿನಲ್ಲಿ ಓದಿದ ನಾನು "ಸೈಟ್ ವೀಕ್ ಆಗಿದೆ, ದಟ್ಸ್ ಆಲ್" ಎಂದು ನನ್ನ ಹಳೇ ಕನ್ನಡಕ ಕೊಟ್ಟೆ. ಮೂರು ತಿಂಗಳು ಹಾಕಿಕೊಂಡಳು. ಒಂದು ದಿನ ಬಸ್ಸಿಳಿಯುವಾಗ ಬಿದ್ದಳು. ಆಗ ಹೇಳಿದಳು: "ಕನ್ನಡಕದಾಗೆ ಏನೂ ಚಲೋ ಕಾಣ್ತಿರ್ಲಿಲ್ರಿ. ಅಮ್ಮಾರು ಕೊಟ್ಟಿದ್ದು, ಹೆಂಗೆ ಬ್ಯಾಡ ಅನ್ಲಿ?"

ನಾನು ಕರೆದೊಯ್ದ ಕಣ್ಣಿನ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಕಣ್ಣಿನ ಹಿಂದಿನ ನರ ಊದಿತ್ತು. "ತಲೆ ಸ್ಕ್ಯಾನ್ ಮಾಡಿಸಿ," ಎಂದರು.

ಹಿಮ್ಮಿದುಳಿನಲ್ಲಿ ಗಡ್ಡೆ. ಅಪರೂಪದ್ದಂತೆ, ರಕ್ತನಾಳಗಳೇ ಹೆಣೆದುಕೊಂಡ ಗಂಟು. ಆಪರೇಷನ್ ಮಾಡುವ ಡಾಕ್ಟರು ವಿವರಿಸಿದರು: ಗಂಟಿಗೇ ಕತ್ತರಿ ಹಾಕಿದರೆ ರಕ್ತ ನಿಲ್ಲದು, ಸುತ್ತಲಿನ ನಾಳಗಳನ್ನು ಒಂದೊಂದಾಗಿ ಮುಚ್ಚಿ ಇಡಿಯಾಗಿ ಬಿಡಿಸಬೇಕು.

ಟೈಲರಮ್ಮ ತಲೆಯಾಡಿಸಿದಳು. "ನಿಧಾನಕ್ಕೆ ಬಿಚ್ರಿ ಡಾಕ್ಟ್ರೇ. ಜಗ್ಗಿದ್ರೆ ಬಟ್ಟೇನೇ ಹರಿತೈತೆ."

ಡಾಕ್ಟರು ನಕ್ಕರು.

ಆಪರೇಷನ್ ಸಂಜೆಯವರೆಗೂ ನಡೆಯಿತು. "ಕಂಪ್ಲೀಟ್ ಆಗಿ ತೆಗೆದಿದ್ದೇವೆ," ಎಂದರು. ನಾನು ಥ್ಯಾಂಕ್ ಯೂ ಎಂದೆ. ಎರಡನೆಯ ದಿನ ಅದೇ ಜಾಗದಲ್ಲಿ ರಕ್ತ ಸೋರಿತಂತೆ. ಅವಳು ಏಳಲಿಲ್ಲ. ಡಾಕ್ಟರು ಅದನ್ನು ಹೇಳಲು ಬಂದಾಗಲೂ ನಾನು ಥ್ಯಾಂಕ್ ಯೂ ಎಂದೆ... ಮೂರು ತಿಂಗಳು ಮೊದಲೇ ಕರೆತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಅವಳ ಚೀಲದಲ್ಲಿದ್ದ ಕನ್ನಡಕ ನನಗೇ ವಾಪಸ್ ಬಂತು, ಹಸಿರು ಬಟ್ಟೆಯ ತುಂಡಿನಲ್ಲಿ ಸುತ್ತಿ.

ಇವತ್ತು ಬ್ಲೌಸ್ ಹಾಕಿ ನೋಡಿದೆ. ಭುಜದಿಂದ ಜಾರುತ್ತದೆ, ನಾನು ಅಷ್ಟು ಸೊರಗಿದ್ದೇನೆ. ಬದಿಯ ಹೊಲಿಗೆ ಮುಟ್ಟಿ ನೋಡಿದೆ. ಒಳಗೆ ಒಂದಿಂಚು ಬಟ್ಟೆ ಹಾಗೇ ಇದೆ.