ದೇವರ ಮನೆಗೆ ಬಂದ ಕುರ್ಚಿ

ಡಾಕ್ಟರ್ ಮಾತು ಕೇಳಿ ತುಮಕೂರಿನ ಆಸ್ಪತ್ರೆ ಕಾರಿಡಾರಿನಲ್ಲೇ ಅತ್ತುಬಿಟ್ಟೆ.

"ನೋವು ಹೋಗುತ್ತಮ್ಮ. ನಡೀತೀರ, ಮೆಟ್ಲು ಹತ್ತುತೀರ. ಆದ್ರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋದು ಮರ್ತುಬಿಡಿ. ಹೊಸ ಕೀಲು ಜಾರಿದ್ರೆ ಕಷ್ಟ" ಅಂದಿದ್ದರು.

ಸೊಂಟದ ಕೀಲು ಬದಲಿಸಿ, ಹಿಪ್ ರಿಪ್ಲೇಸ್‌ಮೆಂಟ್ ಆಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಕುಣಿಗಲ್ಲಿನ ನಮ್ಮಕ್ಕ ಬೇರೆ ತಲೆಗೆ ತುಂಬಿದ್ದಳು, "ನಮ್ ಬೀದಿಯೋರೊಬ್ರು ಒಂದೇ ತಿಂಗ್ಳಿಗೆ ತೋಟದಲ್ಲಿ ಕಾಯಿ ಆಯ್ತಿದ್ರು ಕಣೇ!" ಅಂತ.

ನಾನೋ, ವಾಕರ್ ಬಿಟ್ಟು ಕೋಲಿಗೆ ಬಂದಿದ್ದೆ ಅಷ್ಟೇ. ಸಂಜೆಯಾದರೆ ಕಾಲು ಊದುತ್ತಿತ್ತು. ಚಪ್ಪಲಿ ಹಾಕಿಕೊಳ್ಳಲೂ ಯಜಮಾನರನ್ನು ಕೂಗಬೇಕು.

ಅದೆಲ್ಲ ಹೇಗೋ ಸಹಿಸಿದ್ದೆ. ಆದರೆ ನೆಲದ ಮೇಲೆ ಕೂರದಿದ್ದರೆ ಲಿಂಗಪೂಜೆ ಹೇಗೆ?

ಮದುವೆಯಾಗಿ ಗುಬ್ಬಿಗೆ ಬಂದಾಗಿನಿಂದ ಅತ್ತೆಯ ಪಕ್ಕ ಮಣೆ ಹಾಕಿಕೊಂಡು ಕೂತವಳು ನಾನು. ಪೂಜೆಯಾಗದೆ ಬಾಯಿಗೆ ನೀರು ಹಾಕಿದವಳಲ್ಲ.

ಆಪರೇಷನ್ ಆದಮೇಲೆ ಹಾಸಿಗೆಯಲ್ಲೇ ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ದಿನ ತಳ್ಳಿದ್ದೆ. ಇವತ್ತಲ್ಲ ನಾಳೆ ಮಣೆಗೆ ವಾಪಸ್ ಹೋಗುತ್ತೇನೆ ಅನ್ನುವ ಧೈರ್ಯವಿತ್ತು.

ನಮ್ಮತ್ತೆ ಆಚಾರದ ವಿಷಯದಲ್ಲಿ ಬೆಂಕಿ. ಅವರಿಗೆ ಯಾವ ಬಾಯಲ್ಲಿ ಹೇಳಲಿ? ಕಾರಿನಲ್ಲಿ ಗುಬ್ಬಿ ಬರುವವರೆಗೂ ಅದೇ ಯೋಚನೆ.

ಹೇಳಲೇ ಇಲ್ಲ. ಮಾರನೇ ಬೆಳಿಗ್ಗೆ ಕೋಲನ್ನು ಗೋಡೆಗೊರಗಿಸಿ, ಕಾಲಲ್ಲೇ ಮಣೆ ಎಳೆದುಕೊಂಡು, ಒಂದು ಸಲ ನೋಡೇಬಿಡೋಣ ಅಂತ ಬಗ್ಗಿದೆ...

"ಅಯ್ಯೋ, ಬುಡೇ! ಏನ್ ಮಾಡ್ತಿದೀಯ?"

ಹಿಂದಿನಿಂದ ಬಂದ ಅತ್ತೆ ಗಟ್ಟಿಯಾಗಿ ತೋಳು ಹಿಡಿದುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಡಾಕ್ಟರ್ ಅಂದದ್ದನ್ನೆಲ್ಲ ಒದರಿಬಿಟ್ಟೆ.

ಅವರು ಊಟದ ಟೇಬಲ್ಲಿನ ಎತ್ತರದ ಕುರ್ಚಿ ಎಳೆದು ತಂದು ದೇವರ ಮನೆಯಲ್ಲಿಟ್ಟರು. ಒಗೆದ ಪಂಚೆಯೊಂದನ್ನು ಅದರ ಮೇಲೆ ಹಾಸಿದರು.

"ಲಿಂಗ ಕೂರೋದು ನಿನ್ ಅಂಗೈ ಮೇಲೆ. ನೀನೆಲ್ಲಿ ಕೂತ್ರೆ ಅದಕ್ಕೇನೇ? ಕೂತ್ಕೊ."

ಅಬ್ಬಾ... ಹೋದ ಜೀವ ಬಂದ ಹಾಗಾಯಿತು. ಅವತ್ತು ಪೂಜೆ ಮಾಡಿದ್ದಕ್ಕಿಂತ ಅತ್ತದ್ದೇ ಜಾಸ್ತಿ.

ಈಗ ಕೋಲೂ ಇಲ್ಲ. ಬೆಳಿಗ್ಗೆ ರೈಲ್ವೆ ಸ್ಟೇಷನ್‌ವರೆಗೆ ನಡೆದು ಬರುತ್ತೇನೆ. ವರ್ಷಗಟ್ಟಲೆ ಪ್ರಾಣ ಹಿಂಡಿದ ಆ ನೋವು ನಿಜವಾಗಲೂ ಹೋಗಿದೆ. ತುಂಬ ಹೊತ್ತು ಕೂತು ಎದ್ದರೆ ಸ್ವಲ್ಪ ಬಿಗಿತ, ಅಷ್ಟೇ. ಓಡೋಕಾಗಲ್ಲ... ಮೊದಲು ಮಾತ್ರ ಎಲ್ಲಿ ಓಡುತ್ತಿದ್ದೆ, ಬಿಡಿ!

ಹೇಳಬೇಕಾದದ್ದು ಇನ್ನೊಂದಿದೆ. ಕುರ್ಚಿ ಬಂದ ವಾರದೊಳಗೇ ಒಂದು ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಗೋಡೆ ಹಿಡಿದು ಮಣೆಯಿಂದ ಏಳುತ್ತಾ ಮೆಲ್ಲಗೆ ಅಂದರು:

"ನಂಗೂ ಒಂದು ಕುರ್ಚಿ ಹಾಕೇ. ಮಂಡಿ ಹಿಡ್ಕೊಂಡು ಯಾವ ಕಾಲ ಆಯ್ತೋ... ಇಷ್ಟು ದಿನ ಸೊಸೆ ನೆಲದ ಮೇಲೆ ಕೂರೋವಾಗ ನಾನೆಂಗೆ ಕೇಳ್ಲಿ?"

ಈಗ ನಮ್ಮ ದೇವರ ಮನೆಯಲ್ಲಿ ಎರಡು ಕುರ್ಚಿಗಳಿವೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹಲ್ಲು ಕಚ್ಚಿಕೊಂಡು ನೆಲದ ಮೇಲೆ ಕೂರುತ್ತಿದ್ದಾರಾ... ಒಂದು ಸಲ ಕೇಳಿ ನೋಡಿದ್ದೀರಾ?