ಕೆಂಪು ದಾರವಿಲ್ಲದ ಮೋಟಾರ್

ಹೊಳೆಯಿಂದ ಮೋಟಾರ್ ಸದ್ದು ಬರುತ್ತಿದ್ದರೆ ದಂಡೆಯ ಹೆಂಗಸರಿಗೆ ಅನ್ನ ಇಳಿಯುತ್ತದೆ. ನನಗೂ ಇಳಿಯುತ್ತಿತ್ತು, ಆ ಮಳೆಗಾಲದ ತನಕ.

ಅವತ್ತು ಬೆಳಿಗ್ಗೆ ಡ್ಯಾಮಿನ ಗೇಟು ಎತ್ತುತ್ತಾರೆಂದು ಊರಲ್ಲಿ ಡಂಗುರ ಸಾರಿದರು. ನನ್ನ ಭಾವ, ಅಂದರೆ ಗಂಡನ ಅಣ್ಣ, ಕುರಿ ಹೊಡೆದುಕೊಂಡು ಹೋಗಿ ಹೊಳೆ ನಡುವಿನ ಗಡ್ಡಿಯಲ್ಲಿದ್ದರು. ಈಜು ಬಾರದ ಮನುಷ್ಯ. ಕರೆತರೋಣವೆಂದರೆ ನಮ್ಮ ದೋಣಿಯ ಹಳೆ ಮೋಟಾರ್, ಹಗ್ಗ ಎಷ್ಟು ಎಳೆದರೂ ಉಸಿರೆತ್ತಲಿಲ್ಲ.

ದಂಡೆಗೆ ಜನ ನೆರೆಯಿತು. ಎಲ್ಲರೂ ಭತ್ತದ ಗದ್ದೆಯವರು, ಡೀಸೆಲ್ ಪಂಪ್‌ಸೆಟ್ಟಿನ ಜೊತೆ ಗುದ್ದಾಡಿಯೇ ಬೆಳೆದವರು. ಪಂಪ್‌ಸೆಟ್ ನಿಂತರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದೇ ಲೆಕ್ಕ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯ ಮಾತೇ ಇಲ್ಲ.

"ಹವಾ ಹಿಡದೈತಿ ನೋಡ್ರಿ. ಪೈಪ್ ಬಿಚ್ಚಿ ಹವಾ ತಗೀರಿ" ಎಂದರು.

ಬಿಚ್ಚಿದರು, ಊದಿದರು, ಮತ್ತೆ ಕೂಡಿಸಿದರು. ನಾನೂ ಮರಳಿ ಊರಿನ ಕಡೆಯ ಗದ್ದೆಯಲ್ಲಿ ಬೆಳೆದವಳು ತಾನೇ, "ಇನ್ನೊಮ್ಮಿ ತಗೀರಿ" ಎಂದು ಬಾಯಿ ಹಾಕಿದೆ. ಅಷ್ಟರಲ್ಲಿ ನಾವು ಬಟ್ಟೆ ಒಗೆಯುವ ಕಲ್ಲು ನೀರೊಳಗೆ ಹೋಗಿತ್ತು.

ನನ್ನ ಗಂಡನಿಗೆ ತಲೆ ಕೆಟ್ಟಿತು. "ಇದು ಪೆಟ್ರೋಲ್ ಮೋಟಾರ್, ಪಂಪ್‌ಸೆಟ್ ಅಲ್ರೋ ಯಪ್ಪಾ, ದೂರ ಸರೀರಿ" ಎಂದು ಕಿಡಿ ಹಾರಿಸುವ ಪ್ಲಗ್ ಬಿಚ್ಚಿದರು. ಪ್ಲಗ್ ಪೆಟ್ರೋಲಿನಿಂದ ತೊಯ್ದಿತ್ತು. ಒರೆಸಿ, ವೈರಿನ ಟೋಪಿ ಹಾಕಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಗ್ಗ ಎಳೆದರು. ಏನೂ ಕಾಣಲಿಲ್ಲ.

"ಪೆಟ್ರೋಲ್ ಛಲೋ ಬರಾಕತ್ತೈತಿ. ಕಿಡೀನ ಇಲ್ಲ."

ಆಮೇಲೆ ಅವರ ಕಣ್ಣು ಕೆಂಪು ದಾರದ ಮೇಲೆ ಬಿತ್ತು. ಅದರ ಒಂದು ತುದಿ ಓಡಿಸುವವನ ಮುಂಗೈಗೆ, ಇನ್ನೊಂದು ಮೋಟಾರಿನ ಸ್ವಿಚ್ಚಿಗೆ. ಮನುಷ್ಯ ನೀರಿಗೆ ಬಿದ್ದರೆ ದಾರ ಕಳಚಿ, ಮೋಟಾರ್ ತಾನೇ ನಿಲ್ಲುತ್ತದೆ. ಆ ಸ್ವಿಚ್ಚು ಒಳಗೇ ತುಕ್ಕು ಹಿಡಿದು, ದಾರ ಇದ್ದರೂ ಕಿಡಿಯನ್ನು ನುಂಗುತ್ತಿತ್ತು. ಅದರ ವೈರನ್ನು ಕಿತ್ತು ಪಕ್ಕಕ್ಕೆ ಸರಿಸಿ ಹಗ್ಗ ಎಳೆದರು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟೆಂದಿತು. ಜನ ನಕ್ಕರು. ನಾನು ಮಾತ್ರ ಕಿತ್ತ ವೈರು ತೋರಿಸಿ ಕೇಳಿದೆ.

"ನೀವು ಬಿದ್ರ ಅದು ನಿಲ್ಲೂದಿಲ್ಲಲ್ರಿ?"

"ನಾ ಯಾಕ ಬೀಳ್ಲಿ? ಪೆಟ್ರೋಲ್ ಪೈಪ್ ಕಿತ್ತು ನಿಲ್ಲಸ್ತೀನಿ ಬಿಡ."

ಭಾವನನ್ನು ಕರೆತಂದರು. ದೋಣಿಯಲ್ಲಿ ಹಿಡಿಸಿದಷ್ಟು ಕುರಿ ಬಂದವು. ಉಳಿದವುಗಳ ಕೂಗು ಗಡ್ಡಿಯಿಂದ ಮಧ್ಯಾಹ್ನದವರೆಗೂ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ.

ಮೋಟಾರನ್ನು ಹಿಟ್ನಾಳದ ರಿಪೇರಿ ಅಂಗಡಿಗೆ ಒಯ್ದು ಹೊಸ ಸ್ವಿಚ್ಚು ಹಾಕಿಸಿ ಎಂದು ನಾನು ಆಡದ ಜಗಳವಿಲ್ಲ. "ಓಡಾಕತ್ತಿದ್ದಕ್ಕ ಕೈ ಹಚ್ಚಬಾರ್ದು" ಎನ್ನುತ್ತಾರೆ. ಪಂಪ್‌ಸೆಟ್ಟಿನವರ ಬುದ್ಧಿ ಇವರಿಗೂ ಅಂಟಿಕೊಂಡಿದೆ. ಕೆಂಪು ದಾರ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ.

ಈಗ ಮತ್ತೆ ಮಳೆಗಾಲ. ಬೆಳಿಗ್ಗೆ ಬಲೆ ಎತ್ತಲು ಒಬ್ಬರೇ ಹೋದರು. ಸದ್ದು ಬರುತ್ತಿದೆ, ಬಹಳ ಹೊತ್ತಿನಿಂದ ಒಂದೇ ಕಡೆಯಿಂದ ಬರುತ್ತಿದೆ.

"ಮೋಟಾರ್ ಸಪ್ಪಳ ಕೇಳಾಕತ್ತೈತಲ್ಲವಾ, ಉಣ್ಣ ಬಾ" ಎಂದು ಅತ್ತೆ ಕರೆಯುತ್ತಾರೆ.

ತಾಟಿನ ಮುಂದೆ ಕೂತಿದ್ದೇನೆ. ಅವರು ದೋಣಿಯಲ್ಲಿದ್ದರೂ ಅದು ಓಡುತ್ತದೆ, ಇಲ್ಲದಿದ್ದರೂ ಓಡುತ್ತದೆ.